ನೂರ ಹತ್ತು ವರ್ಷ

ಎರ್ಸಿರಾಳಿಗೆ ಪೆನ್ಷನ್ ಕಂಪನಿಯ ಕಾಗದ ಬಂದದ್ದು ಜುಲೈ ಮೊದಲ ವಾರದಲ್ಲಿ. ಭೂಮಿಯ ದಕ್ಷಿಣ ಭಾಗದಲ್ಲಿರುವ ನಮ್ಮ ತೊಮೆ ಊರಿನಲ್ಲಿ ಅದು ಹಲ್ಲು ಕಟಕಟಿಸುವ ಚಳಿಯ ಕಾಲ. ಸಮುದ್ರದ ಗಾಳಿ ಗುಡ್ಡ ಹತ್ತಿ ಬಂದು ಬಾಗಿಲ ಸಂದಿಯಲ್ಲೆಲ್ಲ ನುಗ್ಗುತ್ತದೆ. ಅವಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಹಲಗೆಗೋಡೆ. ಅಲ್ಲಿ ಯಾರಾದರೂ ಸೀನಿದರೆ ನಾನು ಇಲ್ಲಿಂದಲೇ 'ನೂರು ವರ್ಷ' ಎಂದು ಹರಸುತ್ತೇನೆ. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಕಂಡದ್ದು, ಅರ್ಧ ಗೋಡೆಯಾಚೆಯಿಂದ ಕೇಳಿದ್ದು. ಕದ್ದು ಕೇಳಿದ್ದಲ್ಲ. ಕೇಳಬಾರದೆಂದರೆ ಕಿವಿಗೆ ಹತ್ತಿ ತುರುಕಿಕೊಳ್ಳಬೇಕಿತ್ತು, ಅಷ್ಟೆ.

ಆ ಸಂಜೆ ಟೀ ಹೊತ್ತಿಗೆ ಎಂದಿನಂತೆ ನನ್ನ ಕೆಂಪು ಥರ್ಮಾಸ್ ಹಿಡಿದು ಅವರ ಅಡುಗೆಮನೆಗೆ ಹೋಗಿದ್ದೆ. ಅವರ ಗ್ಯಾಸು ಖರ್ಚಾಗಬಾರದೆಂದು ನನ್ನ ಪಾಲಿನ ಬಿಸಿನೀರನ್ನು ನಾನೇ ಒಯ್ಯುವುದು ವಾಡಿಕೆ. ಆ ಥರ್ಮಾಸ್ ಎಂಬತ್ತೊಂದನೇ ಇಸವಿಯಲ್ಲಿ ನನ್ನ ಮದುವೆಗೆ ಎರ್ಸಿರಾಳ ಅಣ್ಣ ಒನೊಫ್ರೆ ಕೊಟ್ಟ ಉಡುಗೊರೆ. ಮುಚ್ಚಳ ಎರಡು ಸಲ ಬದಲಾಗಿದೆ, ಬಿಸಿ ಮಾತ್ರ ಇನ್ನೂ ಹಿಡಿಯುತ್ತದೆ.

ಮೇಜಿನ ತುದಿಯ ಯಜಮಾನನ ಜಾಗದಲ್ಲಿ ಒನೊಫ್ರೆ ಕಾರ್ತೆಸ್ ಕುಳಿತಿದ್ದ. ಅರವತ್ತೆಂಟು ವರ್ಷ, ಪೊಲೀಸಿನಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತನಾದವನು, ಹೆಂಡತಿ ಸತ್ತ ಮೇಲೆ ಅಪ್ಪನ ಮನೆಗೇ ಮರಳಿ ತಂಗಿಯ ಕೈಯಡುಗೆ ಉಣ್ಣುತ್ತಿರುವವನು. ಎದುರಿಗೆ ತಂಗಿ ಎರ್ಸಿರಾ. ಪಕ್ಕದಲ್ಲಿ ಅವಳ ಮಗಳು ಯಾಕೆಲಿನ್, ಸೂಪರ್‌ಮಾರ್ಕೆಟ್ಟಿನ ಕ್ಯಾಷಿಯರ್, ಆಗಷ್ಟೇ ಪಾಳಿ ಮುಗಿಸಿ ಬಂದು ಷೂ ಬಿಚ್ಚಿ ಕಾಲು ತಿಕ್ಕಿಕೊಳ್ಳುತ್ತಿದ್ದಳು. ಕಾಗದ ಓದುವ ಕೆಲಸ ಮೊಮ್ಮಗಳು ಮಿಯಾರಾಯ್‌ಗೆ ಬಿತ್ತು. ಹತ್ತೊಂಬತ್ತರ ಹುಡುಗಿ, ದಿನಾ ಬಸ್ಸಿನಲ್ಲಿ ಕನ್ಸೆಪ್ಸಿಯೋನ್ ನಗರಕ್ಕೆ ಹೋಗಿ ನರ್ಸಿಂಗ್ ಓದುತ್ತಾಳೆ. ಅಜ್ಜಿಯ ಕಣ್ಣಿಗೆ ಸಣ್ಣ ಅಕ್ಷರ ಕಾಣುವುದು ನಿಂತು ಎರಡು ವರ್ಷವಾಗಿತ್ತು.

"ತಿಂಗಳಿಗೆ ನೂರ ಹನ್ನೆರಡು ಸಾವಿರ ಪೆಸೊ," ಎಂದು ಓದಿದಳು ಮಿಯಾರಾಯ್.

"ಇನ್ನೊಂದ್ಸಲ ಓದು. ಎಲ್ಲೋ ಸೊನ್ನೆ ಬಿಟ್ಟಿರ್ತೀಯ."

"ಬಿಟ್ಟಿಲ್ಲ ಅಜ್ಜಿ."

"ಗ್ಯಾಸಿಗೆ, ಕರೆಂಟಿಗೆ, ಕಣ್ಣಿನ ಮದ್ದಿಗೆ ಸರಿಹೋಯ್ತು," ಎಂದಳು ಯಾಕೆಲಿನ್. "ಹದಿನೈದನೇ ತಾರೀಖು ಆದ್ಮೇಲೆ ಗಾಳಿ ಕುಡ್ಕೊಂಡಿರು."

"ತಾಳಿ, ಕೆಳಗಡೆ ಇನ್ನೂ ಇದೆ. ಅಜ್ಜಿ ಕೂಡಿಟ್ಟ ದುಡ್ಡನ್ನ ಎಷ್ಟು ವರ್ಷಕ್ಕೆ ಹಂಚ್ತಾರೆ ಅಂತ. ಪಟ್ಟಿ ನೂರ ಹತ್ತು ವರ್ಷದ ತನಕ ಹೋಗುತ್ತೆ."

"ಯಾರಿಗೆ ನೂರ ಹತ್ತು?"

"ನಿನಗೇ ಅಜ್ಜಿ."

ಎರ್ಸಿರಾ ಬ್ರೆಡ್ಡಿಗೆ ಬೆಣ್ಣೆಹಣ್ಣು ಹಚ್ಚುತ್ತಿದ್ದ ಚಾಕುವನ್ನು ಕೆಳಗಿಟ್ಟಳು. "ನಮ್ಮಮ್ಮ ಎಪ್ಪತ್ತೆರಡಕ್ಕೇ ಹೋದ್ಲು. ಕಣ್ಣಿನ ಡಾಕ್ಟ್ರು ಅರವತ್ತೊಂದಕ್ಕೇ ನೀನು ಮುಗಿದೆ ಅಂತಾರೆ. ಇವ್ರು ನೋಡಿದ್ರೆ ನೂರ ಹತ್ತು ಅಂತಾರೆ. ಯಾರನ್ನ ನಂಬ್ಲಿ?"

ಒನೊಫ್ರೆ ಜೋರಾಗಿ ನಕ್ಕ. "ನಿಂಗೆ ನೂರ ಹತ್ತಾದಾಗ ನಂಗೆ ನೂರ ಹದಿನೇಳು. ಆಗ್ಲೂ ಸಾರು ನೀನೇ ಬಡಿಸ್ಬೇಕು, ಈಗ್ಲೇ ಹೇಳಿರ್ತೀನಿ. ಅಲ್ಲ ಕಣೇ, ನಾನಿಲ್ವಾ? ನನ್ನ ಪೆನ್ಷನ್ ಇಲ್ವಾ? ನಿಂಗ್ಯಾಕೆ ಚಿಂತೆ?"

ಅವನ ಪೆನ್ಷನ್ ಸರ್ಕಾರದ್ದು, ಅವಳದರ ಎಂಟು ಪಟ್ಟು. ಅದನ್ನು ಅವನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಮನೆಗೆ ಮಾಂಸ ತರುವವನು ಅವನೇ ಆಗಿದ್ದ.

ಎರ್ಸಿರಾ ಉಣ್ಣೆ ಮಿಲ್ಲಿನಲ್ಲಿ ರಫೂ ಹಾಕುತ್ತಿದ್ದವಳು. ಮಗ್ಗದಿಂದ ಇಳಿದ ಬಟ್ಟೆಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟಿದೆ ಎಂದು ಹುಡುಕಿ, ಯಾರಿಗೂ ಕಾಣದಂತೆ ಸರಿಮಾಡುವ ಕೆಲಸ. ನಾನೂ ಅದೇ ಸಾಲಿನ ಬೆಂಚಿನಲ್ಲಿದ್ದೆ, ಆದರೆ ನನ್ನ ರಫೂ ಗೊತ್ತಾಗುತ್ತಿತ್ತು, ಅವಳದು ಗೊತ್ತಾಗುತ್ತಿರಲಿಲ್ಲ. ಹೊರದೇಶದ ಅಗ್ಗದ ಬಟ್ಟೆ ಬಂದು ಮಿಲ್ಲು ಮುಚ್ಚಿದ ಮೇಲೆ ಅವಳು ಒಂದು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದಳು. ಉಳಿದ ಹೊತ್ತಿನಲ್ಲಿ ಮನೆಯ ಹೊಲಿಗೆ ಮೆಷಿನ್ನಿನಲ್ಲಿ ಊರವರ ಪ್ಯಾಂಟಿನ ಅಂಚು ಮಡಿಸಿದಳು, ಜಿಪ್ಪು ಬದಲಿಸಿದಳು. ಗಂಡ ಯಾವತ್ತೋ ಬಿಟ್ಟು ಹೋಗಿದ್ದ. ಯಾಕೆಲಿನ್ ಬೆಳೆದದ್ದೇ ಆ ಮೆಷಿನ್ನಿನ ಮೇಲೆ.

ಆ ಮೆಷಿನ್ನನ್ನು ತಂದುಕೊಟ್ಟವನು ಒನೊಫ್ರೆ. ಪೊಲೀಸ್ ಸಂಬಳದಲ್ಲಿ ಉಳಿಸಿ ತಂಗಿಗೆ ಮೆಷಿನ್ ತಂದ ಅಣ್ಣ ಎಂದು ಆ ಕಾಲದಲ್ಲಿ ಗುಡ್ಡವೆಲ್ಲ ಕೊಂಡಾಡಿತ್ತು. ಈಗ ಅವಳ ಕಣ್ಣು ಮಂಜಾದ ಮೇಲೆ ಇನ್ನೊಂದು ಕೆಲಸವನ್ನೂ ಅವನು ವಹಿಸಿಕೊಂಡಿದ್ದ. ಸಂಜೆ ಟೀ ಆದ ಮೇಲೆ ಕನ್ನಡಕ ಏರಿಸಿ ಕೂತು ಒಂದು ಡಜನ್ ಸೂಜಿಗೆ ದಾರ ಪೋಣಿಸಿ, ಸೂಜಿ ಚುಚ್ಚುವ ಪುಟ್ಟ ದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದ. ಮರುದಿನವೆಲ್ಲ ಅವಳಿಗೆ ಅಷ್ಟು ಸಾಕಾಗುತ್ತಿತ್ತು. ಪೋಣಿಸುವಾಗ ಹಳೆಯ ಕೇಸುಗಳ ಕಥೆ ಹೇಳುತ್ತಿದ್ದ. ಮೂವತ್ತು ವರ್ಷದ ಹಿಂದೆ ಹಿಡಿದ ಲಾರಿಯ ನಂಬರು ಕೂಡ ಅವನ ಬಾಯಲ್ಲಿತ್ತು, ಮತ್ತು ಅದರ ಬಗ್ಗೆ ಅವನಿಗೆ ಜಂಬವಿತ್ತು.

ಕಾಗದ ಬಂದ ಎರಡು ದಿನಕ್ಕೆ ಎರ್ಸಿರಾ ಬೇಲಿಯ ಬಳಿ ಬಟ್ಟೆ ಹರವುತ್ತ ನನ್ನನ್ನು ಕರೆದಳು.

"ನೆಲ್ದಾ, ನಂಗೆ ಹೆಚ್ಚೇನೂ ಬೇಡ. ನಾನು ತಿನ್ನೋ ಬ್ರೆಡ್ಡಿಗೆ ನಾನು ದುಡ್ಡು ಕೊಡ್ಬೇಕು. ಅಣ್ಣನ ಕೈ ನೋಡ್ಕೊಂಡು ಸಾಯೋಕೆ ನಂಗಿಷ್ಟ ಇಲ್ಲ."

"ಅವನು ಯಾವತ್ತಾದ್ರೂ ಒಂದು ಮಾತು ಆಡಿದಾನೇನೇ?"

"ಆಡಿಲ್ಲ. ಅದೇ ಕಷ್ಟ. ಆಡಿದ್ರೆ ಜಗಳ ಆಡ್ಬಹುದಿತ್ತು."

ಜುಲೈ ಕೊನೆಯ ಭಾನುವಾರಗಳಲ್ಲೊಂದರಂದು ದೇಶದ ದೊಡ್ಡ ಊರುಗಳಲ್ಲೆಲ್ಲ ಪೆನ್ಷನ್ ಕಂಪನಿಗಳ ವಿರುದ್ಧ ಮೆರವಣಿಗೆ ಹೊರಟಿತು. ಮಿಯಾರಾಯ್ ಬೆಳಿಗ್ಗೆಯೇ ಕನ್ಸೆಪ್ಸಿಯೋನ್‌ಗೆ ಹೋಗಿದ್ದಳು. ಅವಳು ಬರುವ ಹೊತ್ತಿಗೆ ಅಜ್ಜಿ ನನ್ನನ್ನೂ ಕೂರಿಸಿ ಎಲ್ಲರಿಗೂ ಕಸ್ವೇಲಾ ಬಡಿಸುತ್ತಿದ್ದಳು. ಮಾಂಸದ ತುಂಡು, ಆಲೂಗೆಡ್ಡೆ, ಕುಂಬಳಕಾಯಿ, ಮುಸುಕಿನ ಜೋಳ ಎಲ್ಲ ಹಾಕಿದ ಭಾನುವಾರದ ಸಾರು. ದೊಡ್ಡ ಮೂಳೆ ಒನೊಫ್ರೆಯ ತಟ್ಟೆಗೆ ಹೋಯಿತು, ಯಾವಾಗಲೂ ಹೋಗುವಂತೆ.

"ತಾತ, ಟೀವಿಲಿ ನನ್ನ ನೋಡಿದ್ಯಾ?"

"ನೋಡ್ದೆ. ಕೆಲಸ ಇಲ್ದೋರ ಜಾತ್ರೆ."

"ಎಲ್ಲಾ ಮುದುಕರೇ ಇದ್ರು ತಾತ. ನಿನ್ನ ವಯಸ್ಸಿನೋರು. ಕೆಲಸ ಮಾಡಿ ಮಾಡಿ ಬೆನ್ನು ಬಗ್ಗಿದೋರು."

"ಮಿಲಿಟರಿ ಆಳ್ವಿಕೆ ನಡೆಸಿದ ಜನರಲ್ ಕಾಲದಲ್ಲಿ ಈ ದೇಶಾನ ಸರಿಮಾಡಿದ್ರು ಕಣೇ. ಹಳೇ ಪೆನ್ಷನ್ ದಿವಾಳಿ ಆಗಿತ್ತು. ನಿನ್ನ ದುಡ್ಡು ನಿನ್ನ ಹೆಸರಲ್ಲಿ ಇರಲಿ, ಬೆಳೀಲಿ ಅಂತ ಮಾಡಿದ್ರು. ತಪ್ಪೇನು?"

"ಅಷ್ಟು ಒಳ್ಳೇದಾಗಿದ್ರೆ ಪೊಲೀಸರಿಗೆ, ಮಿಲಿಟರಿಯೋರಿಗೆ ಯಾಕೆ ಮಾಡ್ಲಿಲ್ಲ?"

ಒನೊಫ್ರೆ ಮೂಳೆಯಿಂದ ಮಾಂಸ ಬಿಡಿಸುವುದರಲ್ಲಿ ಮಗ್ನನಾದ. ಆಮೇಲೆ ಚಮಚ ಎತ್ತಿ ತೋರಿಸುತ್ತ, "ಜನರಲ್ ಹೋಗಿ ಇಪ್ಪತ್ತಾರು ವರ್ಷ ಆಯ್ತು," ಎಂದ. "ಆಮೇಲೆ ಬಂದೋರಿಗೆ ವೋಟು ಹಾಕಿದ್ಯಾರು? ನಿಮ್ಮಮ್ಮ, ನಿಮ್ಮಜ್ಜಿ. ಅವ್ರು ಏನ್ ಬದಲಾಯಿಸಿದ್ರು, ಹೇಳು?"

ಅವನು ಹೇಳಿದ್ದರಲ್ಲಿ ಅದೊಂದು ನಿಜವಾಗಿತ್ತು.

"ಗೋಡೆಗೆ ಹೊಸ ಬಣ್ಣ ಹೊಡೆದ್ರು," ಎಂದಳು ಎರ್ಸಿರಾ. "ಮನೆ ಅದೇ." ಸೌಟನ್ನು ಪಾತ್ರೆಯಲ್ಲಿಟ್ಟು, "ಆ ಹೊಸ ಪೆನ್ಷನ್ನಿಗೆ ಸಹಿ ಹಾಕ್ಬೇಡ ಅಂತ ಅಪ್ಪ ಅಂದಿದ್ರು," ಎಂದಳು.

"ಅಪ್ಪ ಎಲ್ಲದಕ್ಕೂ ಬೇಡ ಅಂತಿದ್ರು."

"ಅಪ್ಪ ಹಳೇದ್ರಲ್ಲೇ ಉಳ್ಕೊಂಡ್ರು. ಸಾಯೋ ತನಕ ಸರಿಯಾಗಿ ಪೆನ್ಷನ್ ಬಂತು. ನಾನು ನಿನ್ನ ಮಾತು ಕೇಳ್ದೆ."

"ಸಾರಿಗೆ ಉಪ್ಪು ಕಡಿಮೆ," ಎಂದ ಒನೊಫ್ರೆ.

ಎಂಬತ್ತೊಂದರ ಆ ವರ್ಷ ನನಗೂ ಚೆನ್ನಾಗಿ ನೆನಪಿದೆ. ಮಿಲ್ಲಿನ ಗೇಟಿನಲ್ಲಿ ಕಂಪನಿಯ ಹುಡುಗರು ನಿಂತು ಪೆನ್ನು, ಚೀಲ ಹಂಚುತ್ತಿದ್ದರು. ಹಳೆಯದನ್ನು ಬಿಟ್ಟು ಹೊಸದಕ್ಕೆ ಬಂದರೆ ಕೈಗೆ ಸಿಗುವ ಸಂಬಳ ಹೆಚ್ಚುತ್ತದೆ ಎನ್ನುತ್ತಿದ್ದರು. ಆದರೆ ಗುಡ್ಡದ ಹೆಂಗಸರು ಸಹಿ ಹಾಕಿದ್ದು ಗೇಟಿನಲ್ಲಲ್ಲ, ತಮ್ಮ ತಮ್ಮ ಅಡುಗೆಮನೆಗಳಲ್ಲಿ. ಪೇದೆ ಒನೊಫ್ರೆ ಕಾರ್ತೆಸ್ ಯೂನಿಫಾರಂನಲ್ಲಿ ಮನೆಮನೆಗೆ ಫಾರಂ ತಂದಿದ್ದ. ಯೂನಿಫಾರಂ ತೊಟ್ಟವನು ಹೇಳಿದ್ದಕ್ಕೆ ಆಗ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಅವನು ನಮ್ಮ ಬೀದಿಯ ಹುಡುಗನೂ ಆಗಿದ್ದ. ನಾನೂ ಹಾಕಿದೆ. ಮರುತಿಂಗಳು ಸಂಬಳ ನಿಜವಾಗಿಯೂ ಸ್ವಲ್ಪ ಹೆಚ್ಚು ಬಂತು. ಆ ಹೆಚ್ಚಿನದರಲ್ಲಿ ಮದುವೆಗೆ ಒಂದು ಜೊತೆ ಬಿಳಿ ಷೂ ಕೊಂಡೆ.

ಆಗಸ್ಟ್ ಎರಡನೇ ವಾರ ಪ್ರತಿಭಟನೆಯಾಗಿ ಎಲ್ಲರೂ ಪಾತ್ರೆ ಬಡಿಯಬೇಕೆಂದು ಕರೆ ಬಂತು. ಕತ್ತಲಾಗುತ್ತಿದ್ದಂತೆ ಗುಡ್ಡದ ಮೆಟ್ಟಿಲುಗಳ ಮೇಲೆ ಹೆಂಗಸರು ನಿಂತರು. ಎರ್ಸಿರಾ ಹಾಲು ಕಾಯಿಸುವ ಪಾತ್ರೆಯನ್ನೂ ಸೌಟನ್ನೂ ಹಿಡಿದು ಹೊರಗೆ ಬಂದಳು. ಒಳಗೆ ಒನೊಫ್ರೆ ಟೀವಿಯ ಸದ್ದು ಏರಿಸಿದ. ಇವಳು ಜೋರಾಗಿ ಬಡಿದಷ್ಟೂ ಅವನು ಏರಿಸಿದ. ನಡುವೆ ಸಿಕ್ಕಿಕೊಂಡದ್ದು ನನ್ನ ಕಿವಿ.

ಪಾತ್ರೆ ಬಡಿದಾದ ಮೇಲೆ ನಾವು ಹತ್ತು ಹದಿನೈದು ಜನ ಬೀದಿ ಸಂಘದ ಕೋಣೆಯಲ್ಲಿ ಸೇರಿದೆವು. ಇಪ್ಪತ್ತೊಂದನೇ ತಾರೀಖಿನ ದೊಡ್ಡ ಮೆರವಣಿಗೆಗೆ ಬಸ್ಸು, ಬ್ಯಾನರು, ತಿಂಡಿ ಇವುಗಳ ಮಾತು ನಡೆಯಿತು. ಬ್ಯಾನರ್ ಹೊಲಿಯಲು ಎರ್ಸಿರಾ ಒಪ್ಪಿಕೊಂಡಳು. ಮೂಲೆಯಲ್ಲಿ ಕುಳಿತಿದ್ದ ಒರ್ತೆನ್ಸಿಯಾ, ಎಂಬತ್ತು ದಾಟಿದ ಮುದುಕಿ, ಅದನ್ನು ಕೇಳಿ ಕಿಸಕ್ಕನೆ ನಕ್ಕಳು.

"ಆ ಮೆಷಿನ್ನಿನಲ್ಲೇ ಹೊಲೀತೀಯೇನೇ?"

"ಇನ್ಯಾವುದರಲ್ಲಿ ಹೊಲೀಲಿ?"

"ಹೊಲಿ, ಹೊಲಿ. ನಮ್ಮ ಸಹಿಲೇ ಬಂದ ಮೆಷಿನ್ನು. ಇಪ್ಪತ್ತೈದು ಸಹಿಗೆ ಒಂದು ಹೊಲಿಗೆ ಮೆಷಿನ್ನು ಅಂತಿತ್ತಲ್ಲ ಆಗ. ನನ್ನ ತಂಗಿ ಮಗ ಅದೇ ಕಂಪನಿಲಿದ್ದ. ನಿಮ್ಮಣ್ಣ ಬಂದು ಮೆಷಿನ್ ಹೊತ್ಕೊಂಡು ಹೋಗಿದ್ದನ್ನ ಅವನೇ ನೋಡಿದ್ದ. ನಿಂಗೆ ಗೊತ್ತಿಲ್ವಾ?"

ಎರ್ಸಿರಾ ಪಾತ್ರೆ ಎತ್ತಿಕೊಂಡು ಹೊರಟಳು. ನಾನು ಹಿಂದೆಯೇ ಹೋದೆ. ನನ್ನ ಮನೆಯ ಬಾಗಿಲು ತೆಗೆಯುವಷ್ಟರಲ್ಲಿ ಗೋಡೆಯಾಚೆ ಶುರುವಾಗಿತ್ತು.

"ಮೆಷಿನ್ ಎಲ್ಲಿಂದ ತಂದೆ ಅಣ್ಣ?"

"ಯಾವ ಮೆಷಿನ್?"

"ಮನೇಲಿ ಎಷ್ಟು ಮೆಷಿನ್ ಇದೆ?"

ಟೀವಿ ನಿಂತಿತು. "ಯಾರು ಹೇಳಿದ್ರು?"

"ಯಾರೋ. ಇಪ್ಪತ್ತೈದು ಸಹಿಗೆ ಕೊಟ್ಟಿದ್ದಂತೆ. ಹೌದೋ ಅಲ್ವೋ?"

"ಕದ್ದು ತಂದಿಲ್ಲ. ಕೊಟ್ರು, ತಗೊಂಡೆ. ನನಗೋಸ್ಕರ ತಗೊಂಡ್ನಾ? ಸೈಕಲ್ ಕೂಡ ಕೊಡ್ತೀವಿ ಅಂದಿದ್ರು. ಬೇಡ, ನನ್ನ ತಂಗಿಗೆ ಮೆಷಿನ್ ಕೊಡಿ ಅಂದೆ."

"ಅದು ಸರಿ. ಒಂದು ಮಾತು ಹೇಳು. ನಮ್ಮ ಹತ್ರ ಸಹಿ ಹಾಕಿಸ್ಕೊಂಡ ಪೆನ್ಷನ್ನು ಕೆಟ್ಟದ್ದು ಅಂತ ಆಗ ನಿಂಗೆ ಗೊತ್ತಿತ್ತಾ?"

ಕುರ್ಚಿ ಸರಿದ ಸದ್ದಾಯಿತು.

"ಗೊತ್ತಿತ್ತಾ ಅಂತ ಕೇಳ್ದೆ."

ಅವನ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಆ ರಾತ್ರಿ ಅವನು ಟೀಯನ್ನೂ ಕುಡಿಯಲಿಲ್ಲ.

ಅಲ್ಲಿಂದ ಹತ್ತು ದಿನ ಆ ಮನೆಯಲ್ಲಿ ಅಣ್ಣ ತಂಗಿ ಮಾತಾಡಲಿಲ್ಲ. ಮೆಷಿನ್ನಿನ ಮೇಲೆ ಎರ್ಸಿರಾ ಹಳೆಯ ಹೊದಿಕೆ ಎಳೆದುಬಿಟ್ಟಳು. ಮೂವತ್ತೈದು ವರ್ಷದಿಂದ ಗೋಡೆಯಾಚೆ ಕೇಳುತ್ತಿದ್ದ ಟಕಟಕ ಸದ್ದು ನಿಂತದ್ದಕ್ಕೆ ನನಗೆ ಮಧ್ಯಾಹ್ನದ ನಿದ್ದೆಯೇ ಬರದಾಯಿತು. ಅಣ್ಣನಿಗೆ ಊಟ ಬಡಿಸುವುದನ್ನು ಅವಳು ನಿಲ್ಲಿಸಲಿಲ್ಲ. ಆದರೆ ಬಡಿಸಿ, ತನ್ನ ತಟ್ಟೆ ಹಿಡಿದು ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದಳು. ಸಂಜೆ ಅವನು ಕನ್ನಡಕ ಹಾಕಿ ಮೇಜಿಗೆ ಬಂದು ಕೂರುತ್ತಿದ್ದ. ಸೂಜಿದಿಂಬು ಅಲ್ಲಿರುತ್ತಿರಲಿಲ್ಲ. ಒಂದಷ್ಟು ಹೊತ್ತು ಕೂತು ಎದ್ದು ಹೋಗುತ್ತಿದ್ದ. ಅವಳು ಕಿಟಕಿಯ ಬೆಳಕಿಗೆ ಹೋಗಿ ಸೂಜಿ ಹಿಡಿದು, ದಾರದ ತುದಿ ನೆಕ್ಕಿ ನೆಕ್ಕಿ, ಹತ್ತು ಸಲ ತಪ್ಪಿಸಿ, ಕೊನೆಗೆ ಮಿಯಾರಾಯ್ ಬರಲಿ ಎಂದು ಎತ್ತಿಡುತ್ತಿದ್ದಳು.

ಒಂದು ದಿನ ಅವನು ಎರಡು ಕಿಲೊ ಮಾಂಸ ತಂದು ಮೇಜಿನ ಮೇಲಿಟ್ಟ. ಎರ್ಸಿರಾ ಮಸೂರ ಬೇಳೆ ಬೇಯಿಸಿದಳು. ಮರುದಿನವೂ ಬೇಳೆ. ಮೂರನೆಯ ದಿನ ಯಾಕೆಲಿನ್ ರೇಗಿದಳು.

"ಅಮ್ಮ, ಮಾಂಸ ಫ್ರಿಜ್ಜಲ್ಲಿ ಕೂತಿದೆ. ಯಾರಿಗೆ ಶಿಕ್ಷೆ ಕೊಡ್ತಿದೀಯ? ನಂಗಾ?"

"ಬೇಳೆ ನನ್ನ ದುಡ್ಡಲ್ಲಿ ತಂದಿದ್ದು. ಇಷ್ಟ ಇದ್ರೆ ತಿನ್ನು."

"ಗ್ಯಾಸು ಯಾರ ದುಡ್ಡು? ಮಿಯಾರಾಯ್ ಬಸ್ಸಿಗೆ ಯಾರ ದುಡ್ಡು? ಈ ಸೂರು ಹೋದ ವರ್ಷ ಸೋರ್ತಿತ್ತಲ್ಲ, ತಗಡು ಹಾಕ್ಸಿದ್ದು ಯಾರು? ನಂಗೆ ವಾರಕ್ಕೆ ಮೂವತ್ತು ಗಂಟೆ ಕೆಲಸ ಕೊಡ್ತಾರೆ, ಪೂರ್ತಿ ಕೊಟ್ರೆ ಪೂರ್ತಿ ಸಂಬಳ ಕೊಡ್ಬೇಕಾಗುತ್ತೆ ಅಂತ. ಮಾಮ ನಾಳೆ ಬೇಜಾರು ಮಾಡ್ಕೊಂಡು ಹೊರಟ್ರೆ ನಾವು ಮೂರು ಜನ ಏನ್ ಮಾಡೋದು?"

"ಹೋಗು ಅಂತ ನಾನು ಹೇಳಿಲ್ಲ."

"ಇರು ಅಂತಾನೂ ಹೇಳ್ತಿಲ್ಲ!"

"ಯಾಕೆಲಿನ್, ಕೇಳಿಸ್ಕೋ. ಹದಿನೆಂಟು ವರ್ಷದಿಂದ ಅವನ ಬಟ್ಟೆ ಒಗೀತಿದೀನಿ, ಇಸ್ತ್ರಿ ಮಾಡ್ತಿದೀನಿ, ಬೇಯಿಸಿ ಹಾಕ್ತಿದೀನಿ. ಅದು ದಾನ ಅಲ್ಲ, ಇದೂ ದಾನ ಅಲ್ಲ, ಸರಿಸಮ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ನನ್ನದನ್ನೇ ತಗೊಂಡೋಗಿ ನನಗೇ ಉಡುಗೊರೆ ಅಂತ ಕೊಟ್ಟಿದಾನೆ. ನಾನು ಮೂವತ್ತೈದು ವರ್ಷ ಅವನಿಗೆ ಋಣಿ ಅಂತ ಬದುಕಿದೀನಿ ಕಣೇ! ನಂಗೆ ಮಾಂಸ ಬೇಡ. ಅವನು ಒಂದು ಮಾತಿಗೆ ಉತ್ತರ ಹೇಳ್ಲಿ ಸಾಕು."

ಮಾಂಸವನ್ನು ಯಾಕೆಲಿನ್ ತಾನೇ ಬೇಯಿಸಿದಳು. ಸ್ವಲ್ಪ ಸೀದಿತ್ತು. ಒನೊಫ್ರೆ ಒಬ್ಬನೇ ಎರಡು ತುಂಡು ತಿಂದು ಸಾಕೆಂದ. ಅವನು ಎಂದಿನಂತೆ ಬೆಳಿಗ್ಗೆ ನಿವೃತ್ತ ಪೊಲೀಸರ ಕ್ಲಬ್ಬಿಗೆ ಇಸ್ಪೀಟಾಡಲು ಹೋಗುವುದನ್ನೂ ಬಿಟ್ಟಿದ್ದ. ಗುಡ್ಡದ ಹೆಂಗಸರು ಅವನು ಮೆಟ್ಟಿಲಿಳಿಯುವಾಗ ಒಳಗಿನಿಂದ "ಪೇದೆ ಸಾಹೇಬ್ರೇ, ಫಾರಂ ಇದ್ಯಾ?" ಎಂದು ಕೂಗುತ್ತಿದ್ದುದು ಅದಕ್ಕೆ ಕಾರಣವಿರಬೇಕು. ಒಮ್ಮೆ ಕೂಗಿದವಳು ನಾನೇ.

ಶನಿವಾರ ಬಂತು. ಮರುದಿನ ಬೆಳಿಗ್ಗೆ ಮೆರವಣಿಗೆ. ಮಧ್ಯಾಹ್ನ ಊಟ ಮುಗಿಸಿ ಥರ್ಮಾಸ್ ಹಿಡಿದು ಹೋದರೆ, ಎರ್ಸಿರಾ ಮೇಜನ್ನೆಲ್ಲ ಖಾಲಿ ಮಾಡಿ ಎರಡು ಬಿಳಿ ಹಾಸಿಗೆ ಬಟ್ಟೆ ಹರವಿಕೊಂಡಿದ್ದಳು. ಮಿಯಾರಾಯ್ ಕಪ್ಪು ಬಣ್ಣದ ಡಬ್ಬಿ ತೆರೆದು ಕುಂಚ ಹಿಡಿದಿದ್ದಳು.

"ಏನು ಬರೀಲಿ ಅಜ್ಜಿ? ಕಂಪನಿ ಬೇಡ ಅಂತ ಬರೀಲಾ?"

"ಅದನ್ನ ಎಲ್ಲರೂ ಬರೀತಾರೆ. ಮೇಲ್ಗಡೆ 'ನೂರ ಹತ್ತು ವರ್ಷ ಬದುಕಬೇಕಾದವರು' ಅಂತ ಬರಿ. ಕೆಳಗೆ ಹೆಸರು."

"ಯಾರ ಹೆಸರು?"

ಎರ್ಸಿರಾ ಅಣ್ಣನ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. "ಅಣ್ಣ, ಕನ್ನಡಕ ತಗೊಂಡು ಬಾ," ಎಂದಳು. ಹತ್ತು ದಿನದಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

ಅವನು ಬಂದ. ಗಡ್ಡ ಬೋಳಿಸಿರಲಿಲ್ಲ. ಅವನನ್ನು ಹಾಗೆ ನಾನು ಹಿಂದೆಂದೂ ಕಂಡಿರಲಿಲ್ಲ.

"ಮೆಷಿನ್ನಿಗೆ ದಾರ ಹಾಕು. ಅಂಚು ಹೊಲೀಬೇಕು."

ಅವನು ಹೊದಿಕೆ ತೆಗೆದು, ಬಗ್ಗಿ, ಒಂದೇ ಸಲಕ್ಕೆ ದಾರ ಹಾಕಿದ. ಅವಳು ಎರಡನೇ ಹಾಸಿಗೆ ಬಟ್ಟೆಯನ್ನು ಎಳೆದುಕೊಂಡು ಕುಳಿತಳು, ತುಳಿಯಲಿಲ್ಲ.

"ಆ ಇಪ್ಪತ್ತೈದು ಹೆಸರು ನಿಂಗೆ ನೆನಪಿರುತ್ತೆ. ಹೇಳು. ಇವಳು ಬರೀತಾಳೆ."

ಒನೊಫ್ರೆ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿದ. "ಇಪ್ಪತ್ತೈದಲ್ಲ," ಎಂದ. "ಇಪ್ಪತ್ತೆಂಟು."

ಅವನು ನಿಂತುಕೊಂಡೇ ಹೇಳಿದ, ಠಾಣೆಯಲ್ಲಿ ಹಾಜರಿ ಕೂಗುವಂತೆ. ಮೆಟ್ಟಿಲ ಬುಡದ ಮನೆಯಿಂದ ಶುರುಮಾಡಿ ಮೇಲಕ್ಕೆ ಬಂದ. ಒರ್ತೆನ್ಸಿಯಾ ವೆನೆಗಾಸ್. ಅವಳ ನಾದಿನಿ ಕ್ಲೆಮೆನ್ಸಿಯಾ. ನೂಲುವ ವಿಭಾಗದ ದೊಮಿತಿಲಾ. "ಅವಳು ತೀರಿಕೊಂಡ್ಲು," ಎಂದೆ ನಾನು. "ಗೊತ್ತು," ಎಂದ ಅವನು, "ಬರಿ." ಬಾವಿ ಪಕ್ಕದ ಮನೆಯ ಅಕ್ಕತಂಗಿ ಮೂವರು. ಒಬ್ಬಳು ಸಾಯುವ ತನಕ ಬಸ್ ಸ್ಟ್ಯಾಂಡಿನಲ್ಲಿ ಮೊಟ್ಟೆ ಮಾರಿದಳು, ಎಪ್ಪತ್ತೊಂಬತ್ತು ವಯಸ್ಸು ಆಗ. ಮಿಯಾರಾಯ್‌ಳ ಕುಂಚ ನಿಲ್ಲದೆ ಓಡುತ್ತಿತ್ತು. ಹದಿನಾಲ್ಕನೆಯ ಹೆಸರು ಎರ್ಸಿರಾ ಕಾರ್ತೆಸ್. ಅದನ್ನೂ ಅವನು ಮಿಕ್ಕ ಹೆಸರುಗಳಂತೆಯೇ ಹೇಳಿದ. ಹೇಳಿ, ಕುರ್ಚಿಯ ಬೆನ್ನಿಗೆ ಕೈಯೂರಿದ.

"ಸುಸ್ತಾಯ್ತಾ ತಾತ?" ಎಂದಳು ಮಿಯಾರಾಯ್.

"ಫಾರಂ ಬಂದ ದಿನ," ಎಂದು ಅವನು ತಂಗಿಯ ಕಡೆ ನೋಡದೆ ಶುರುಮಾಡಿದ, "ನಮ್ಮ ಸಾರ್ಜೆಂಟ್ ಹತ್ರ ಹೋಗಿ ಕೇಳ್ದೆ. ಸಾರ್, ಇಷ್ಟು ಒಳ್ಳೇದು ಅಂತೀರಲ್ಲ, ನಾನೂ ಒಂದು ಫಾರಂ ತುಂಬ್ಲಾ ಅಂತ. ಅವ್ರು ನಕ್ರು. ಹೊಟ್ಟೆ ಹಿಡ್ಕೊಂಡು ನಕ್ರು. 'ಹುಚ್ಚು ಹಿಡೀತೇನೋ ಕಾರ್ತೆಸ್? ನಮಗೆ ಹಳೇದೇ. ಇದು ಹೊರಗಿನೋರಿಗೆ' ಅಂದ್ರು. ಅಷ್ಟೇ ಅಂದಿದ್ದು. ಇನ್ನೇನೂ ಹೇಳ್ಲಿಲ್ಲ."

ಎರ್ಸಿರಾ ಮೆಷಿನ್ನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದಳು.

"ಆ ನಗು ಕೇಳಿದ್ದೆ," ಎಂದ ಒನೊಫ್ರೆ. "ಮಾರನೇ ದಿನ ಮೊದಲು ನಿನ್ನ ಹತ್ರಾನೇ ಬಂದೆ."

"ಗೊತ್ತಿತ್ತು ಅಂತ ಆಯ್ತು."

"ಗೊತ್ತಿತ್ತು."

ನಾನು ಅಳುಮೋರೆಯವಳಲ್ಲ. ಗಂಡ ಸತ್ತಾಗಲೂ ಮಿಲ್ಲು ಮುಚ್ಚಿದಾಗಲೂ ನಾಲ್ಕು ಜನರೆದುರು ಕಣ್ಣೀರು ಹಾಕಿದವಳಲ್ಲ. ಆ ಹೊತ್ತು ಮಾತ್ರ ಕಿಟಕಿ ಕಡೆ ತಿರುಗಿ ನಿಂತೆ. ಹಿಂದೆ ಎರ್ಸಿರಾಳ ದನಿ ಕೇಳಿತು, "ಹದಿನೈದನೇದು ಹೇಳು," ಎಂದು. ಮೆಷಿನ್ ಓಡಲಾರಂಭಿಸಿತು.

ಇಪ್ಪತ್ತೇಳರ ತನಕ ಅವನು ಎಲ್ಲೂ ತಡವರಿಸಲಿಲ್ಲ. ಅವರಲ್ಲಿ ಹನ್ನೊಂದು ಜನ ಈಗ ಇಲ್ಲ. ಇಪ್ಪತ್ತೆಂಟನೆಯದಕ್ಕೆ ಅವನು ನನ್ನ ಕಡೆ ನೋಡಿದ.

"ನೆಲ್ದಾ ಸಾನ್ವೆಸಾ," ಎಂದ. "ಆಗ ನೀನು ಗುಡ್ಡದ ತುದಿಲಿ ಅಪ್ಪನ ಮನೇಲಿದ್ದೆ, ಮದುವೆಗೆ ಇನ್ನೂ ಎರಡು ತಿಂಗಳಿತ್ತು."

ಗೊತ್ತಿದ್ದದ್ದೇ ಆದರೂ ನನ್ನ ಹೆಸರು ಆ ಬಟ್ಟೆಯ ಮೇಲೆ ಒದ್ದೆಒದ್ದೆಯಾಗಿ ಮೂಡುವುದನ್ನು ನೋಡಿ ಏನಾದರೂ ಹೇಳಬೇಕೆನಿಸಿತು. "ಮೆಷಿನ್ನಿಗೆ ಇಪ್ಪತ್ತೈದು ಸಾಕಿತ್ತಲ್ಲ," ಎಂದೆ. "ಉಳಿದ ಮೂರಕ್ಕೆ ಏನ್ ಕೊಟ್ರು ನಿಂಗೆ?"

ಅವನ ಕಣ್ಣು ಮೇಜಿನ ಮೂಲೆಗೆ ಹೋಗಿ ನಿಂತಿತು. ಅಲ್ಲಿ ನನ್ನ ಕೆಂಪು ಥರ್ಮಾಸ್ ಇತ್ತು.

ಮೂವತ್ತೈದು ವರ್ಷ ಅದರ ನೀರು ಕುಡಿದು ಆ ಮನುಷ್ಯನನ್ನು ಹೊಗಳಿದ್ದೇನೆ. ಗಂಡನ ಮನೆಯವರ ಮುಂದೆ, ಇದು ನಮ್ಮ ಬೀದಿಯ ಹುಡುಗ ಪ್ರೀತಿಯಿಂದ ಕೊಟ್ಟದ್ದು ಎಂದು ಎತ್ತಿ ತೋರಿಸಿದ್ದೇನೆ. ಆ ಕ್ಷಣ ಅದನ್ನು ಎತ್ತಿ ಅವನ ತಲೆಗೆ ಹಾಕುವಷ್ಟು ಸಿಟ್ಟು ಬಂತು. ಹಾಕಲಿಲ್ಲ. ಒಳಗೆ ಬಿಸಿನೀರಿತ್ತು, ಹುಡುಗಿ ಪಕ್ಕದಲ್ಲಿದ್ದಳು.

ಭಾನುವಾರ ಬೆಳಿಗ್ಗೆ ಆರೂವರೆಗೆ ಬಸ್ಸಿಗೆ ಹೊರಟೆವು. ಥರ್ಮಾಸ್‌ಗೆ ಟೀ ತುಂಬಿಸಿಕೊಂಡೇ ಹೋದೆ. ಬೇರೆ ಥರ್ಮಾಸ್ ನನ್ನ ಬಳಿ ಇರಲಿಲ್ಲ. ಒನೊಫ್ರೆಯನ್ನು ಯಾರೂ ಕರೆಯಲಿಲ್ಲ, ಅವನೂ ಬರಲಿಲ್ಲ. ಕನ್ಸೆಪ್ಸಿಯೋನ್‌ನ ಬೀದಿಯಲ್ಲಿ ನಮ್ಮ ಬ್ಯಾನರಿನ ಮೇಲಿನ ಸಾಲು ನೋಡಿ ಜನ ಮೊದಲು ನಗುತ್ತಿದ್ದರು. ಹೆಸರುಗಳನ್ನು ಓದುತ್ತ ಓದುತ್ತ ನಗು ನಿಲ್ಲುತ್ತಿತ್ತು. ಒಬ್ಬ ಮುದುಕ, "ಇವರೆಲ್ಲ ಯಾರಮ್ಮ?" ಎಂದು ಕೇಳಿದ. "ಒಂದೇ ಬೀದಿಯೋರು," ಎಂದಳು ಎರ್ಸಿರಾ. ಅಣ್ಣನ ವಿಷಯ ಹೇಳಲಿಲ್ಲ. ಬ್ಯಾನರಿನ ತನ್ನ ತುದಿಯನ್ನು ಅವಳು ಕೊನೆಯ ತನಕ ಯಾರಿಗೂ ಬಿಟ್ಟುಕೊಡಲಿಲ್ಲ.

ನಾವು ಗುಡ್ಡ ಹತ್ತಿ ಮನೆ ಸೇರಿದಾಗ ಸಂಜೆ ಐದಾಗಿತ್ತು. ಯಾಕೆಲಿನ್ ಪಾಳಿಯಿಂದ ಆಗಲೇ ಬಂದು ಟೀಗೆ ನೀರು ಕಾಯಿಸುತ್ತಿದ್ದಳು. ದಾರಿಯಲ್ಲಿ ಎರ್ಸಿರಾ ಬೇಕರಿಗೆ ಹೊಕ್ಕು ತನ್ನ ಪರ್ಸಿನಿಂದಲೇ ದುಡ್ಡು ಕೊಟ್ಟು ಒಂದು ಕಿಲೊ ಬ್ರೆಡ್ಡು ತಂದಿದ್ದಳು. ಅದನ್ನು ಮೇಜಿನ ನಡುವೆ ಇಟ್ಟಳು.

"ಬ್ರೆಡ್ಡು ಇನ್ಮೇಲೆ ನಂದು," ಎಂದಳು, ಯಾರನ್ನೂ ನೋಡದೆ. "ನೂರ ಹನ್ನೆರಡು ಸಾವಿರದಲ್ಲಿ ಅಷ್ಟು ಆಗುತ್ತೆ."

ಒನೊಫ್ರೆ ತನ್ನ ಜಾಗದಲ್ಲಿ ಕುಳಿತಿದ್ದ. ಗಡ್ಡ ಬೋಳಿಸಿ ತಲೆ ಬಾಚಿಕೊಂಡಿದ್ದ. ಅವನ ಮುಂದೆ ಮೇಜಿನ ಮೇಲೆ ಸೂಜಿದಿಂಬು ಇತ್ತು. ಮನೆಯಲ್ಲಿದ್ದ ಸೂಜಿಗಳನ್ನೆಲ್ಲ, ಡಬ್ಬಿಯ ತಳದ ತುಕ್ಕು ಹಿಡಿದವನ್ನೂ ಬಿಡದೆ, ಹುಡುಕಿ ತೆಗೆದು ಒಂದೊಂದಕ್ಕೂ ದಾರ ಪೋಣಿಸಿ ಚುಚ್ಚಿದ್ದ. ಕಪ್ಪು, ಬಿಳಿ, ಕಂದು, ನೀಲಿ ದಾರಗಳು ನಾಲ್ಕೂ ಕಡೆ ಇಳಿಬಿದ್ದು ದಿಂಬೇ ಕಾಣುತ್ತಿರಲಿಲ್ಲ. ಬೆಳಿಗ್ಗೆಯಿಂದ ಅವನು ಅದೊಂದನ್ನೇ ಮಾಡಿರಬೇಕು.

ಎರ್ಸಿರಾ ಕೋಟು ಬಿಚ್ಚಿ ಮೊಳೆಗೆ ಹಾಕಿದಳು. ಕೈ ತೊಳೆದು ಬಂದು ಕುಳಿತಳು, ಒಲೆಯ ಪಕ್ಕ ಅಲ್ಲ, ಅವನ ಎದುರಿಗೆ, ತನ್ನ ಹಳೆಯ ಜಾಗದಲ್ಲಿ. ಕಣ್ಣು ಮುಚ್ಚಿ ದಿಂಬಿನ ಮೇಲೆ ಬೆರಳಾಡಿಸಿದಳು, ಮಿಲ್ಲಿನಲ್ಲಿ ತಪ್ಪಿದ ಎಳೆ ಹುಡುಕುತ್ತಿದ್ದ ಹಾಗೆ.

"ಇಷ್ಟು ಸೂಜಿ ಸಾಕಾಗಲ್ಲ ಅಣ್ಣ," ಎಂದಳು. "ನಾನು ನೂರ ಹತ್ತು ವರ್ಷ ಬದುಕ್ಬೇಕು."